ಹೊಸ ಮನೆಗೆ, ಕಸದ ಬಗ್ಗೆ ನಾಲ್ಕು ಮಾತು

ಪುಟ್ಟಿ, ಆರ್‌ಪಿಸಿ ಲೇಔಟ್‌ನಲ್ಲಿ ಮನೆ ಮಾಡಿದ್ದೀಯ, ಸಂತೋಷ. ಹಾಲು ಉಕ್ಕಿಸಿದ್ದಾಯಿತು, ಗ್ಯಾಸ್ ಬಂತು, ನೀರು ಯಾವ ಹೊತ್ತಿಗೆ ಬಿಡುತ್ತಾರೆ ಅಂತ ಗೊತ್ತಾಯಿತು. ಇನ್ನು ಕಸದ ವಿಷಯ. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು. ಇದು ಹೆಂಗಸರಿಗೆ ಮಾತ್ರ ಸೇರಿದ ಕೆಲಸವಲ್ಲ.

• ಎರಡು ಬಕೆಟ್, ಒಂದು ಚೀಲ ತೆಗೆದಿಡು. ಹಸಿರು ಬಕೆಟ್ ಅಡುಗೆಮನೆಯ ಹಸಿ ಕಸಕ್ಕೆ. ಕೆಂಪು ಬಕೆಟ್ ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜ್, ಗುಡಿಸಿದ ಧೂಳು, ಕೂದಲಿಗೆ. ಚೀಲ ಒಣ ಕಸಕ್ಕೆ. ಇದು ನಾನು ಮಾಡಿದ ಕಟ್ಟಳೆಯಲ್ಲ, 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇಡೀ ಬೆಂಗಳೂರಿಗೆ ಹಾಕಿಕೊಟ್ಟ ಪದ್ಧತಿ. ಹಸಿರು ಬಕೆಟ್‌ನೊಳಗೆ ಪ್ಲಾಸ್ಟಿಕ್ ಕವರ್ ಹಾಸಬೇಡ. ಹಳೇ ಪೇಪರ್ ಹಾಸು, ಅದು ಸಿಪ್ಪೆಯ ಜೊತೆಗೇ ಗೊಬ್ಬರವಾಗುತ್ತದೆ.

• ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಿದರೆ ಮಾವಳ್ಳಿಪುರ, ಮಂಡೂರು ಎಂಬ ಎರಡು ಊರಿನ ಹೆಸರು ಹೇಳುತ್ತೇನೆ. ನಾವು ಎಲ್ಲ ಬೆರೆಸಿ ಎಸೆದದ್ದು ವರ್ಷಗಟ್ಟಲೆ ಲಾರಿಗಳಲ್ಲಿ ಹೋಗಿ ಬಿದ್ದದ್ದು ಅಲ್ಲಿಗೆ. ಕೊಳೆತ ರಾಶಿಯಿಂದ ಇಳಿದ ಕಪ್ಪು ನೀರು, ನೊಣ, ನಾತ ಎಲ್ಲ ಆ ಹಳ್ಳಿಯವರ ಪಾಲಾಯಿತು. 2012ರಲ್ಲಿ ಮಾವಳ್ಳಿಪುರಕ್ಕೆ ಲಾರಿ ಹೋಗುವುದು ನಿಂತಾಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸ ಗುಡ್ಡೆಬಿತ್ತು. ಮಂಡೂರಿನವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಡಿಸೆಂಬರ್‌ನಿಂದ ಅಲ್ಲಿಯೂ ಸುರಿಯುವುದು ನಿಂತಿತು. ನಮ್ಮ ಮನೆ ಚೊಕ್ಕಟವಾಗಿರಲಿ ಅಂತ ಇನ್ನೊಬ್ಬರ ಊರು ಕೆಡಿಸಲು ನಮಗೆ ಯಾವ ಹಕ್ಕೂ ಇರಲಿಲ್ಲ. ಇದನ್ನು ನೆನಪಿಟ್ಟುಕೋ.

• ದಿನ ಬೆಳಗಾದರೆ ಕೈಗೆ ಸಿಗುವ ನಂದಿನಿ ಹಾಲಿನ ಪ್ಯಾಕೆಟ್‌ನಿಂದಲೇ ಅಭ್ಯಾಸ ಶುರು ಮಾಡು. ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡ. ಓರೆಯಾಗಿ ಸೀಳು, ತುಣುಕು ಪ್ಯಾಕೆಟ್‌ಗೇ ಅಂಟಿಕೊಂಡಿರಲಿ. ಉಗುರಿನಷ್ಟಿರುವ ಆ ಚೂರನ್ನು ಯಾರೂ ಆಯುವುದಿಲ್ಲ. ಸಿಂಕ್‌ನಿಂದ ಚರಂಡಿಗೆ, ಚರಂಡಿಯಿಂದ ವೃಷಭಾವತಿ ನದಿಗೆ ಹೋಗುತ್ತದೆ. ಪ್ಯಾಕೆಟ್‌ಗೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಹಾಕು. ಆಮೇಲೆ ಪ್ಯಾಕೆಟ್ಟನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಬಾಯಿ ಕೆಳಗಾಗಿ ಕ್ಲಿಪ್ ಹಾಕು. ಸಂಜೆ ಹೊತ್ತಿಗೆ ಗರಿಗರಿಯಾಗಿರುತ್ತದೆ. ಮೊಸರಿನ ಪ್ಯಾಕೆಟ್‌ಗೆ ಎರಡು ಸಲ ನೀರು ಬೇಕು, ಇಲ್ಲದಿದ್ದರೆ ಮಾರನೇ ದಿನವೇ ಚೀಲವೆಲ್ಲ ಹುಳಿ ವಾಸನೆ.

• ಒಣ ಕಸ ನಿಜವಾಗಿ ಒಣಗಿರಬೇಕು. ಉಳಿದ ಸೂಚನೆಯೆಲ್ಲ ಮರೆತರೂ ಇದೊಂದು ಮರೆಯಬೇಡ. ಯಾಕೆ ಅಂತ ಹೇಳುತ್ತೇನೆ. ನಿನ್ನ ಮನೆ ಕಡೆಯ ಅತ್ತಿಗುಪ್ಪೆಯಲ್ಲಿ ಕೆಂಗೇರಿ ಕಡೆಯ ಮೆಟ್ರೊ ಹತ್ತಿದರೆ ಮೂರನೇ ನಿಲ್ದಾಣವೇ ಪಂತರಪಾಳ್ಯ-ನಾಯಂಡಹಳ್ಳಿ. ಊರಿನ ಹಳೇ ಪ್ಲಾಸ್ಟಿಕ್ ಬಂದು ಸೇರುವ ದೊಡ್ಡ ಜಾಗ ನಾಯಂಡಹಳ್ಳಿ. ಸಣ್ಣ ಸಣ್ಣ ಶೆಡ್‌ಗಳಲ್ಲಿ ಜನ ನೆಲದ ಮೇಲೆ ಕೂತು ಜಾತಿವಾರು, ಬಣ್ಣವಾರು ಕೈಯಲ್ಲೇ ಬೇರೆ ಮಾಡುತ್ತಾರೆ. ಆಮೇಲೆ ಪುಡಿ ಮಾಡಿ, ತೊಳೆದು, ಕರಗಿಸಿ ಮತ್ತೆ ಬಳಸುವ ಹಾಗೆ ಮಾಡುತ್ತಾರೆ. ಸಾಂಬಾರು ಮೆತ್ತಿಕೊಂಡ ಡಬ್ಬಿ ನಿನ್ನ ಮನೆಯಲ್ಲಿ ಒಂದು ನಿಮಿಷದ ಕೆಲಸ. ವಾರ ಬಿಟ್ಟು ಹುಳ ಬಿದ್ದ ಮೇಲೆ ಅದನ್ನು ಮುಟ್ಟುವ ಕೈ ಬೇರೊಬ್ಬರದು.

• ಪೇಪರ್ ಅಂತ ಕಂಡದ್ದೆಲ್ಲ ಪೇಪರ್ ಅಲ್ಲ. ಟೀ ಅಂಗಡಿಯ ಕಪ್‌ನ ಒಳಗೆ ತೆಳ್ಳನೆ ಪ್ಲಾಸ್ಟಿಕ್ ಪದರ ಇರುತ್ತದೆ. ಸೂಪರ್ ಮಾರ್ಕೆಟ್ಟಿನ ನುಣುಪಾದ ಬಿಲ್ಲಿಗೆ ರಾಸಾಯನಿಕ ಬಳಿದಿರುತ್ತದೆ, ಅದನ್ನು ಹಳೇ ಪೇಪರ್ ಕಟ್ಟಿಗೆ ಸೇರಿಸಬೇಡ. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ಅಂಟಿರುವುದರಿಂದ ಬಿಡಿಸುವುದು ಕಷ್ಟ. ಒಣ ಚೀಲಕ್ಕೇ ಹಾಕು, ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ಅದಕ್ಕಿಂತ ಕೊಳ್ಳುವುದನ್ನೇ ಕಡಿಮೆ ಮಾಡುವುದು ವಾಸಿ.

• ಪ್ಯಾಡ್, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕು. ಒಡೆದ ಗಾಜು, ಬ್ಲೇಡನ್ನು ದಪ್ಪ ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕಸದ ಗಾಡಿಯವರ ಕೈಗೆ ಕೊಟ್ಟು, "ಗಾಜಿದೆ ಅಣ್ಣ, ಜೋಪಾನ" ಅಂತ ಬಾಯಿಬಿಟ್ಟು ಹೇಳು.

• ದೇವರ ಹೂ ಹಸಿ ಕಸ, ಆದರೆ ಹಾರ ಅಲ್ಲ. ಈಗಿನ ಹಾರದಲ್ಲಿ ನೈಲಾನ್ ದಾರ, ಜರಿ, ಥರ್ಮಾಕೋಲ್ ಮಣಿ ಇರುತ್ತದೆ. ದಾರ ಎಳೆದು ಹೂ ಉದುರಿಸಿಕೋ. ಬಾಳೆನಾರಿನಲ್ಲಿ ಕಟ್ಟಿದ ಮೊಳದ ಹೂವಾದರೆ ಯೋಚನೆಯೇ ಇಲ್ಲ.

• ಸೆಲ್, ಟ್ಯೂಬ್‌ಲೈಟ್, ಹಳೇ ಚಾರ್ಜರ್ ಇವನ್ನೆಲ್ಲ ಒಂದು ರಟ್ಟಿನ ಡಬ್ಬದಲ್ಲಿ ಕೂಡಿಡು. ಟ್ಯೂಬ್‌ಲೈಟ್ ಒಡೆಯಬಾರದು, ಒಳಗೆ ಪಾದರಸ ಇರುತ್ತದೆ. ಇ-ಕಸ ಬಿಡಿಸಲು ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಘಟಕಗಳು ಬೆಂಗಳೂರಿನ ಸುತ್ತ 2005ರಿಂದಲೂ ಇವೆ. ತಂತಿ ಸುಟ್ಟು ತಾಮ್ರ ತೆಗೆಯುವವರ ಕೈಗೆ ಮಾತ್ರ ಕೊಡಬೇಡ. ಆ ಹೊಗೆ ಕುಡಿಯುವವರು ಸಣ್ಣ ಮಕ್ಕಳೂ ಆಗಿರಬಹುದು.

• ಮೇಲೆ ತಾರಸಿ ಇದೆಯಲ್ಲ, ತೂತಿರುವ ಒಂದು ಮಡಕೆ ಇಡು. ಸಿಪ್ಪೆ, ಕಾಫಿ ಚರಟ ಒಂದು ಪದರ, ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಒಂದು ಪದರ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಂತ ಅರ್ಥ, ಇನ್ನಷ್ಟು ಎಲೆ ಹಾಕಿ ಕೆದಕು. ಎರಡು ಮೂರು ತಿಂಗಳಲ್ಲಿ ಕರಿಬೇವಿನ ಗಿಡಕ್ಕೆ ಸಾಕಾಗುವಷ್ಟು ಗೊಬ್ಬರ ಸಿಗುತ್ತದೆ. ಬೀದಿಯಲ್ಲಿ ಉದುರಿದ ಎಲೆಗೆ ಯಾರಾದರೂ ಬೆಂಕಿ ಹಾಕುತ್ತಿದ್ದರೆ ಮೆತ್ತಗೆ ಹೇಳಿ ತಡೆ, ಒಂದು ಚೀಲ ನೀನೇ ತಂದುಕೋ.

• "ಗಾಡಿಯವರೇ ಎಲ್ಲ ಒಟ್ಟಿಗೆ ಸುರಿಯುತ್ತಾರೆ, ನಾನೊಬ್ಬಳು ಬೇರೆ ಮಾಡಿ ಏನು ಬಂತು?" ಅಂತ ಪಕ್ಕದವರು ಹೇಳಬಹುದು. ಹಾಗೆ ಕಂಡರೆ ಅಲ್ಲೇ ಕೇಳು, ಪಾಲಿಕೆಗೆ ದೂರು ಕೊಡು, ಆದರೆ ನಿನ್ನ ಕೆಲಸ ಬಿಡಬೇಡ. ತೊಳೆದು ಒಣಗಿಸಿದ ಕಸ ನಾರುವುದಿಲ್ಲ, ವಾರಗಟ್ಟಲೆ ಮನೆಯಲ್ಲಿಟ್ಟರೂ ತೊಂದರೆಯಿಲ್ಲ. ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಗುಜರಿ ಅಂಗಡಿಗೋ ನೀನೇ ಕೊಟ್ಟು ಬರಬಹುದು.

• ಬೆಳಿಗ್ಗೆ ಗಾಡಿ ತಪ್ಪಿದರೆ ಕವರನ್ನು ಗೇಟಿಗೆ ನೇತುಹಾಕಬೇಡ, ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗಂತೂ ಇಡಲೇಬೇಡ. ಒಬ್ಬರು ಇಟ್ಟರೆ ಮಧ್ಯಾಹ್ನದೊಳಗೆ ಹತ್ತು ಕವರ್ ಸೇರುತ್ತದೆ. ನಾಯಿ, ಹಸು ಎಳೆದಾಡುತ್ತವೆ, ಪೌರಕಾರ್ಮಿಕರು ಬರಿಗೈಯಲ್ಲಿ ಬಳಿಯಬೇಕಾಗುತ್ತದೆ. ಬಕೆಟ್‌ಗೆ ಮುಚ್ಚಳ ಹಾಕಿ ಮಾರನೇ ದಿನ ಕೊಡು.

• ಆಯುಧಪೂಜೆ ಮುಗಿದ ಮೇಲೆ ಬಾಳೆಕಂದನ್ನು ಗೇಟಿನಲ್ಲಿ ಒಣಗಲು ಬಿಡದೆ, ಕತ್ತಿಯಲ್ಲಿ ತುಂಡು ಮಾಡಿ ಎರಡು ಮೂರು ದಿನಕ್ಕೆ ಹಂಚಿ ಕೊಡು, ಒಂದೇ ದಿನಕ್ಕೆ ಗಾಡಿಯಲ್ಲಿ ಜಾಗ ಸಾಲುವುದಿಲ್ಲ. ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆಯಬೇಡ, ಸ್ಕೂಟರಿನವರು ಜಾರಿ ಬೀಳುತ್ತಾರೆ. ಗೇಟಿನ ಪಕ್ಕಕ್ಕೆ ಒಡೆದು, ಸ್ಕೂಟರಿಗೆ ಪೂಜೆಯಾದ ತಕ್ಷಣ ಬಾಚಿ ಹಸಿರು ಬಕೆಟ್‌ಗೆ ಹಾಕು.