ಎರಡನೆಯ ಮೈಲಿಯ ಅರ್ಥವೇನು?

ಯಾರಾದರೂ ನಿನ್ನನ್ನು ಒಂದು ಮೈಲಿ ಬರುವಂತೆ ಬಲವಂತಪಡಿಸಿದರೆ ಅವನೊಡನೆ ಎರಡು ಮೈಲಿ ಹೋಗು ಎಂದು ಪ್ರಭು ಯೇಸು ಪರ್ವತ ಪ್ರಸಂಗದಲ್ಲಿ ಬೋಧಿಸಿದರು (ಮತ್ತಾಯ 5:41). ಇಂದು ಪೂಜೆಯಲ್ಲಿ ಈ ವಾಚನವನ್ನು ಕೇಳುವಾಗ, ದಾರಿ ತಿಳಿಯದವನ ಜೊತೆ ನಾಲ್ಕು ಹೆಜ್ಜೆ ಹೋಗುವ ಉಪಕಾರವೆಂದು ನಮಗೆ ತೋರಬಹುದು. ಅಂದು ಬೆಟ್ಟದ ಮೇಲೆ ಕುಳಿತು ಕೇಳಿದವರಿಗೆ ಅದು ಹಾಗೆ ಕೇಳಿಸಿರಲಾರದು. ಏಕೆ ಎಂಬುದನ್ನು ನೋಡೋಣ.

ಬಿಟ್ಟಿ ಚಾಕರಿಯ ಮಾತು

'ಬಲವಂತಪಡಿಸು' ಎಂಬಲ್ಲಿ ಶುಭಸಂದೇಶದ ಗ್ರೀಕ್ ಮೂಲದಲ್ಲಿರುವ ಪದ 'ಅಂಗಾರೆಯುಓ'. ಇದು ಪರ್ಷಿಯಾದ ಅರಸರ ಅಂಚೆ ವ್ಯವಸ್ಥೆಗೆ ಸಂಬಂಧಿಸಿದ ಪದ. ಮುಂದೆ ಇದು ಸರ್ಕಾರದ ಆಳುಗಳು ಜನರನ್ನೂ ಅವರ ಕತ್ತೆ, ಗಾಡಿಗಳನ್ನೂ ಹಿಡಿದು ದುಡಿಸಿಕೊಳ್ಳುವುದಕ್ಕೆ ಹೆಸರಾಯಿತು. ನಮ್ಮ ಹಿರಿಯರು 'ಬಿಟ್ಟಿ ಚಾಕರಿ' ಎನ್ನುತ್ತಿದ್ದುದು ಇಂಥದನ್ನೇ. 'ಮೈಲಿ' ಎಂಬುದೂ ಆಳುವವರ ಅಳತೆಯೇ. ರೋಮನ್ನರ ಮೈಲಿ ಎಂದರೆ ಸಾವಿರ ಜೋಡಿ ಹೆಜ್ಜೆ, ಸುಮಾರು 1,480 ಮೀಟರ್.

ಈ ಕಾಟ ಎಷ್ಟಿತ್ತೆಂದು ಆ ಕಾಲದ ದಾಖಲೆಗಳೇ ಹೇಳುತ್ತವೆ. ಇಂದಿನ ಟರ್ಕಿಯಲ್ಲಿರುವ ಸಗಲಸ್ಸೋಸ್ ಪಟ್ಟಣದ ಒಂದು ಶಿಲಾಶಾಸನ, ಚಕ್ರವರ್ತಿ ತಿಬೇರಿಯನ ಆಳ್ವಿಕೆಯ ಆರಂಭದ್ದು. ಹಣ ಕೊಡದೆ ಗಾಡಿ ಹಿಡಿಯಬಾರದೆಂಬ ನಿಯಮವಿದ್ದರೂ ಕೆಲವರು ಅದನ್ನು ಮೀರುತ್ತಿದ್ದರು. ಆದ್ದರಿಂದ ಯಾರು ಎಷ್ಟು ಗಾಡಿ ಪಡೆಯಬಹುದು, ಎಷ್ಟು ಹಣ ಕೊಡಬೇಕು ಎಂದು ಅಲ್ಲಿನ ರಾಜ್ಯಪಾಲನು ಕೆತ್ತಿಸಬೇಕಾಯಿತು. ಕ್ರಿ.ಶ. 19ರಲ್ಲಿ ಈಜಿಪ್ಟಿಗೆ ಬಂದ ರಾಜಕುಮಾರ ಜರ್ಮಾನಿಕಸನೂ ದೋಣಿ, ದನಕರುಗಳನ್ನು ಬಲವಂತವಾಗಿ ಹಿಡಿಯಬಾರದೆಂದು ಆಜ್ಞೆ ಹೊರಡಿಸಿದನು. ಆಜ್ಞೆಯ ಮೇಲೆ ಆಜ್ಞೆ ಬಂತೆಂದರೆ ಅನ್ಯಾಯ ನಿಂತಿರಲಿಲ್ಲ ಎಂದೇ ಅರ್ಥ. ಒಂದು ಮೈಲಿಗಿಂತ ಹೆಚ್ಚು ಹೊರಿಸಬಾರದೆಂಬ ರೋಮನ್ ಕಾನೂನಿತ್ತು ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ಅಂಥ ಕಾನೂನಿನ ಪಾಠ ಯಾವುದೂ ನಮಗೆ ಉಳಿದುಬಂದಿಲ್ಲ.

ಕೇಳಿದವರ ಗಾಯ

ಗಲಿಲೇಯದ ಜನರಿಗೆ ರೋಮಿನ ಕತ್ತಿಯ ನೆನಪು ಹಳತಾಗಿರಲಿಲ್ಲ. ಕ್ರಿ.ಪೂ. 4ರಲ್ಲಿ ದಂಗೆಯೆದ್ದಾಗ ಸೇನಾಪತಿ ವಾರುಸನ ಪಡೆ ನಜರೇತಿನಿಂದ ಸುಮಾರು 6 ಕಿ.ಮೀ. ದೂರದ ಸೆಫೋರಿಸ್ ನಗರವನ್ನು ಸುಟ್ಟಿತು. ಅವನು ಸುಮಾರು 2,000 ಮಂದಿಯನ್ನು ಶಿಲುಬೆಗೇರಿಸಿದನೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಕ್ರಿ.ಶ. 6ರಲ್ಲಿ ಜನಗಣತಿಯನ್ನು ವಿರೋಧಿಸಿ ಗಲಿಲೇಯದ ಯೂದನು ಬಂಡಾಯವೆದ್ದನು. ಹೀಗೆ ಜನರ ಮುಂದೆ ಎರಡೇ ದಾರಿಗಳು ಕಾಣುತ್ತಿದ್ದವು: ಕತ್ತಿ ಹಿಡಿದು ಸಾಯುವುದು, ಇಲ್ಲವೇ ಮನಸ್ಸಿನಲ್ಲೇ ಶಪಿಸುತ್ತಾ ಹೊರೆ ಹೊರುವುದು.

ಯೇಸು ತೋರಿಸಿದ್ದು ಮೂರನೆಯ ದಾರಿ. ಮೊದಲ ಮೈಲಿ ಸೈನಿಕನದು. ಅದರಲ್ಲಿ ನಿನಗೆ ಆಯ್ಕೆಯಿಲ್ಲ. ಎರಡನೆಯ ಮೈಲಿ ನಿನ್ನದು. ಅಲ್ಲಿ ನೀನು ಆಳಲ್ಲ, ಕೊಡುವವನು. ದ್ವೇಷ ನಿನ್ನ ಹೃದಯವನ್ನು ಆಳದಂತೆ ನೀನೇ ತಡೆದಿದ್ದೀ. ಹೊರೆ ಹೊರಿಸಿದವನಿಗೂ, ಮೊದಲ ಬಾರಿಗೆ, ತನ್ನ ಪಕ್ಕದಲ್ಲಿ ನಡೆಯುತ್ತಿರುವವನು ಒಬ್ಬ ಮನುಷ್ಯನೆಂದು ಕಾಣಬಹುದು.

ಹಾಗಾದರೆ ಅನ್ಯಾಯವನ್ನು ಸಹಿಸುತ್ತಲೇ ಇರಬೇಕೇ?

ಇಲ್ಲ. ಕಾವಲುಗಾರನು ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ಏಕೆ ಹೊಡೆದೆ ಎಂದು ಕೇಳಿದರು (ಯೊವಾನ್ನ 18:23). ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿದ ಅಧಿಕಾರಿಗಳೇ ಬಂದು ತಮ್ಮನ್ನು ಬಿಡಿಸಲಿ ಎಂದು ಸಂತ ಪೌಲರು ಪಟ್ಟುಹಿಡಿದರು (ಪ್ರೇಷಿತರ ಕಾರ್ಯಕಲಾಪಗಳು 16:37). ಕುಡಿದು ಹೊಡೆಯುವ ಗಂಡನೊಡನೆ ಹೊಂದಿಕೊಂಡು ಹೋಗೆಂದು ಮಗಳಿಗೆ ಈ ವಾಕ್ಯವನ್ನು ತೋರಿಸಬೇಡಿ. ಕೂಲಿ ಕೇಳಿದ ಆಳಿನ ಬಾಯಿ ಮುಚ್ಚಿಸಲು ಇದನ್ನು ಬಳಸಬೇಡಿ. ಎರಡನೆಯ ಮೈಲಿ ಹೊರುವವನು ತಾನೇ ಕೊಡುವ ಕಾಣಿಕೆ. ಬೇರೊಬ್ಬರು ಅದನ್ನು ಅವನ ಮೇಲೆ ಹೇರಿದರೆ ಅದು ಮತ್ತೆ ಬಿಟ್ಟಿ ಚಾಕರಿಯೇ ಆಗುತ್ತದೆ.

ಇದೇ ಗ್ರೀಕ್ ಪದ ಶುಭಸಂದೇಶದಲ್ಲಿ ಮತ್ತೊಮ್ಮೆ ಬರುತ್ತದೆ. ಹಳ್ಳಿಯ ಕಡೆಯಿಂದ ಬರುತ್ತಿದ್ದ ಸಿರೇನ್ ಪಟ್ಟಣದ ಸಿಮೋನನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸಿದ್ದು ಇದೇ ಬಲವಂತದಿಂದ (ಮತ್ತಾಯ 27:32, ಮಾರ್ಕ 15:21). ಆ ದಾರಿಯಲ್ಲಿ ಅವನ ಮುಂದೆ ನಡೆಯುತ್ತಿದ್ದವರು, ತಮ್ಮನ್ನು ಕೊಲ್ಲುವವರಿಗಾಗಿ ಪ್ರಾರ್ಥಿಸಲಿದ್ದ ಯೇಸುವೇ. ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ಮೊಣಕಾಲೂರುವಾಗ ಇದನ್ನು ನೆನೆಯಿರಿ.

ಮನೆಯಲ್ಲಿ ಕೂಡಿ ಆಲೋಚಿಸಲು

1. ಗೊಣಗುತ್ತಾ ಮಾಡುವ ಯಾವ ಕೆಲಸವನ್ನು ನಾನು ಈ ವಾರ ಮನಸಾರೆ ಮಾಡಬಲ್ಲೆ?
2. ನನ್ನ ಹೊರೆಯನ್ನು ನಾನು ಯಾರ ಮೇಲೆ ಹೊರಿಸುತ್ತಿದ್ದೇನೆ?
3. ನಮ್ಮ ನಡುವೆ ಅನ್ಯಾಯ ಸಹಿಸುತ್ತಿರುವವರ ಪರವಾಗಿ ಯಾರು ಮಾತನಾಡಬೇಕು?