ಹಾಪರ್ ಕಟ್ಟಿದಾಗ ಸುತ್ತಿಗೆ ಎತ್ತುವ ಮುನ್ನ



ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸಕ್ಕರೆ ಕಾರ್ಖಾನೆ ಸೇರುವ ಹುಡುಗರು ಮಿಲ್ ಹೌಸ್ ಕೇಳುತ್ತಾರೆ, ಬಾಯ್ಲರ್ ಕೇಳುತ್ತಾರೆ, ಟರ್ಬೈನ್ ಸಿಕ್ಕರೆ ಹಿಗ್ಗುತ್ತಾರೆ. ಬೆಲ್ಟ್, ಎಲಿವೇಟರ್, ಹಾಪರ್ (ತಳ ಕಿರಿದಾದ ತೊಟ್ಟಿ) ಕಡೆ ಹಾಕಿದರೆ ಮುಖ ಸಣ್ಣದು ಮಾಡುತ್ತಾರೆ. ನಿನ್ನ ಪತ್ರದಲ್ಲೂ ಅದೇ ಬೇಸರ ಕಂಡಿತು. ಬಿದ್ರಿಯ ದೂಧಗಂಗಾ-ವೇದಗಂಗಾ ಕಾರ್ಖಾನೆ ಇರಲಿ, ಹುಪರಿಯ ಜವಾಹರ ಇರಲಿ, ಗಡಿ ದಾಟಿದರೆ ಸಂಕೇಶ್ವರದ ಹಿರಣ್ಯಕೇಶಿ ಇರಲಿ, ಕಬ್ಬು ನುರಿಸಿದ ಮೇಲೆ ರಸವೊಂದು ಬಿಟ್ಟು ಮಿಕ್ಕಿದ್ದನ್ನು ಸಾಗಿಸುವುದು ಈ ಯಂತ್ರಗಳೇ. ನೂರು ಟನ್ ಕಬ್ಬಿಗೆ ಸುಮಾರು 30 ಟನ್ ಬಗ್ಯಾಸ್ (ರಸ ಹಿಂಡಿದ ಸಿಪ್ಪೆ), ಕೊಲ್ಹಾಪುರದ ಕಡೆಯ ಒಳ್ಳೆಯ ಇಳುವರಿಯಲ್ಲಿ ಹತ್ತಿರಹತ್ತಿರ 12 ಟನ್ ಸಕ್ಕರೆ. ಬಗ್ಯಾಸ್ ಬಾಯ್ಲರಿಗೆ ಹೋಗದಿದ್ದರೆ ಉಗಿ ಇಲ್ಲ. ಉಗಿ ಇಲ್ಲದಿದ್ದರೆ ನೀನು ಆಸೆಪಟ್ಟ ಟರ್ಬೈನೂ ತಿರುಗುವುದಿಲ್ಲ.

ಕಾಳು, ಪುಡಿ ನೀರಿನಂತೆ ವರ್ತಿಸುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊ. ತೊಟ್ಟಿಯಲ್ಲಿ ನೀರು ಏರಿದಷ್ಟೂ ತಳದ ಒತ್ತಡ ಏರುತ್ತದೆ. ಧಾನ್ಯ ತುಂಬುವ ಎತ್ತರದ ಸೈಲೋದಲ್ಲಿ ಗೋಡೆಯ ಘರ್ಷಣೆಯೇ ಭಾರದ ದೊಡ್ಡ ಪಾಲು ಹೊರುವುದರಿಂದ, ಒಂದು ಎತ್ತರ ದಾಟಿದ ಮೇಲೆ ಎಷ್ಟು ತುಂಬಿದರೂ ತಳದ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಜರ್ಮನಿಯ ಎಂಜಿನಿಯರ್ ಯಾನ್ಸೆನ್ ಇದನ್ನು 1895ರಲ್ಲೇ ಲೆಕ್ಕ ಹಾಕಿ ತೋರಿಸಿದ. ಹಾಪರ್ ಎಷ್ಟು ಕಡಿದಾಗಿರಬೇಕು, ಬಾಯಿ ಎಷ್ಟು ಅಗಲ ಬೇಕು ಎಂಬುದನ್ನು ಮಾಲನ್ನೇ ಪರೀಕ್ಷಿಸಿ ನಿರ್ಧರಿಸುವ ವಿಧಾನವನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಆಂಡ್ರ್ಯೂ ಜೆನಿಕೆ 1964ರಲ್ಲಿ ಪ್ರಕಟಿಸಿದ. ಇಂದಿಗೂ ಹಾಪರ್ ವಿನ್ಯಾಸಕ್ಕೆ ಅದೇ ಅಡಿಪಾಯ.

ಇನ್ನು ಕಾರ್ಖಾನೆಯಲ್ಲಿ ಏನು ನಡೆಯುತ್ತದೆ ನೋಡು. ಮಿಲ್ಲಿನಿಂದ ಬರುವ ಬಗ್ಯಾಸ್‌ನಲ್ಲಿ ತೂಕದ ಅರ್ಧದಷ್ಟು ನೀರೇ. ಉದ್ದನೆಯ ನಾರು ಒಂದಕ್ಕೊಂದು ಹೆಣೆದುಕೊಂಡು ಹಾಪರ್‌ನ ಬಾಯಲ್ಲಿ ಕಮಾನು ಕಟ್ಟುತ್ತದೆ. ಕೆಳಗೆ ಖಾಲಿ, ಮೇಲೆ ರಾಶಿ. ಪಾಳಿಯವ ಸುತ್ತಿಗೆ ತಂದು ಬಡಿಯುತ್ತಾನೆ, ಮಾಲು ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಹಳೆಯ ಹಾಪರ್‌ನ ಹೊರಮೈ ಮೇಲೆ ಕೈಯಾಡಿಸಿದರೆ ಒಂದೇ ಎತ್ತರದಲ್ಲಿ ಸಾಲಾಗಿ ತಗ್ಗುಗಳು ಸಿಗುತ್ತವೆ. ಹೊರಗಿನ ಪ್ರತಿ ತಗ್ಗು ಒಳಗಡೆ ಒಂದು ಉಬ್ಬು. ಮುಂದಿನ ಸಲ ಮಾಲು ಹಿಡಿದು ನಿಲ್ಲುವುದು ಆ ಉಬ್ಬಿನ ಮೇಲೆಯೇ. ಹೊಡೆದಷ್ಟೂ ಹೆಚ್ಚು ಕಟ್ಟುತ್ತದೆ. ತಗ್ಗು ಬಿದ್ದ ಜಾಗ, ಕಟ್ಟಿದ ಹೊತ್ತು, ಅಂದಿನ ತೇವ, ಇವನ್ನು ವಹಿಯಲ್ಲಿ ಬರೆದಿಡು. ಒಳಗಿನ ತಗಡು ನುಣುಪು ಮಾಡಿಸಬೇಕೋ, ಬಾಯಿ ಅಗಲಿಸಬೇಕೋ ಎಂಬುದು ಆ ಬರಹದಿಂದಲೇ ತಿಳಿಯುತ್ತದೆ. ಕಮಾನು ಒಡೆಯಲು ಯಾರೂ ಒಳಗೆ ಇಳಿಯಕೂಡದು. ಮೇಲಿನ ರಾಶಿ ಕುಸಿದರೆ ಮನುಷ್ಯ ಕ್ಷಣಮಾತ್ರದಲ್ಲಿ ಹೂತುಹೋಗುತ್ತಾನೆ. ಈ ಮಾತಿಗೆ ಸೂಪರ್‌ವೈಸರ್ ಎದುರಾದರೂ ಮಣಿಯಬೇಡ.

ಸಕ್ಕರೆಯ ದಾರಿ ಬೇರೆ. ಸೆಂಟ್ರಿಫ್ಯೂಗಲ್ ಯಂತ್ರದಿಂದ ಕುಲುಕುತ್ತ ಸಾಗಿಸುವ ಹಾಪರ್, ಬಿಸಿಗಾಳಿ, ತಣ್ಣನೆಯ ಗಾಳಿ, ಬಕೆಟ್ ಎಲಿವೇಟರ್, ಗ್ರೇಡರ್‌ನ ಜರಡಿ. ಅಲ್ಲಿ ದಪ್ಪ, ನಡು, ಸಣ್ಣ ಹರಳು ಬೇರೆಬೇರೆಯಾಗಿ 50 ಕಿಲೋ ಚೀಲಕ್ಕೆ ಇಳಿಯುತ್ತವೆ. ಬಿಸಿ ಆರುವ ಮೊದಲೇ ತುಂಬಿದರೆ ಗೋದಾಮಿನಲ್ಲಿ ಚೀಲ ಕಲ್ಲಾಗುತ್ತದೆ. ನಮ್ಮ ಸಹ್ಯಾದ್ರಿ ಸೆರಗಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಅದಕ್ಕಿಂತ ದೊಡ್ಡ ಚಿಂತೆ ಧೂಳು. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನ ಇಂಪೀರಿಯಲ್ ಶುಗರ್ ಕಾರ್ಖಾನೆ ಸಿಡಿದು 14 ಜನ ಸತ್ತರು. ಸೈಲೋಗಳ ಕೆಳಗಿನ ಬೆಲ್ಟಿಗೆ ಕಸ ಬೀಳದಿರಲೆಂದು ಹಿಂದಿನ ವರ್ಷವಷ್ಟೇ ಸ್ಟೀಲ್ ಹೊದಿಕೆ ಹಾಕಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಒಳಗಿನ ಧೂಳು ಎಳೆದು ತೆಗೆಯುವ ವ್ಯವಸ್ಥೆ ಇರಲಿಲ್ಲ, ಸ್ಫೋಟದ ಒತ್ತಡ ಹೊರಹೋಗಲು ಕಿಂಡಿಯೂ ಇರಲಿಲ್ಲ. ಕಾದ ಬೇರಿಂಗ್ ಒಂದರಿಂದ ಕಿಡಿ ಹತ್ತಿರಬೇಕು ಎಂದು ತನಿಖೆ ಹೇಳಿತು. ಮೊದಲ ಸ್ಫೋಟ ಸಣ್ಣದು. ಅದರ ಧಕ್ಕೆಗೆ ನೆಲದಲ್ಲಿ, ತೊಲೆಗಳ ಮೇಲೆ ಕುಳಿತಿದ್ದ ಸಕ್ಕರೆ ಧೂಳೆಲ್ಲ ಎದ್ದು ಹೊತ್ತಿಕೊಂಡಿತು. ಕಟ್ಟಡಗಳನ್ನು ನುಂಗಿದ್ದು ಈ ಎರಡನೆಯ ಸ್ಫೋಟಗಳ ಸರಣಿ. ಚಹಾಕ್ಕೆ ಹಾಕುವ ಸಕ್ಕರೆಗೆ ಇಷ್ಟು ಬಲವೇ ಎಂದು ಯಾರಾದರೂ ನಕ್ಕರೆ ಈ ಘಟನೆ ಹೇಳು. ಒಂದು ಮಿಲಿಮೀಟರ್‌ಗಿಂತ ತೆಳುವಾದ ಪದರ ವಿಶಾಲವಾಗಿ ಹರಡಿದ್ದರೂ ಅಪಾಯವೆಂದೇ ಅಮೆರಿಕದ ಸುರಕ್ಷತಾ ಮಾನದಂಡ ಎಣಿಸುತ್ತದೆ. ಕಸಬರಿಗೆ ಹಿಡಿಯುವುದು ಕೆಳಗಿನವರ ಕೆಲಸ ಎಂಬ ಮಾತು ಎಂಜಿನಿಯರ್ ಬಾಯಲ್ಲಿ ಬರಕೂಡದು. ಗಾಳಿಯ ಪೈಪು ಹಿಡಿದು ಧೂಳು ಹಾರಿಸುವುದೂ ಬೇಡ, ಹಾರಿದ ಧೂಳೇ ಹೊತ್ತುವುದು.

ಮುಂದೆ ಕೆಲಸ ಬದಲಿಸಿದರೂ ಈ ಕಲಿಕೆ ಕೈಬಿಡುವುದಿಲ್ಲ. ಶಿರೋಳಿ, ಗೋಕುಳ ಶಿರಗಾಂವದ ಫೌಂಡ್ರಿಗಳಲ್ಲಿ ಸಾಗುವುದು ಮರಳು. ಬೆಲ್ಟ್, ಎಲಿವೇಟರ್, ಹಾಪರ್ ಮಾತ್ರ ಇವೇ. ಅಲ್ಲಿನ ಸಿಲಿಕಾ ಧೂಳು ಹೊತ್ತಿಕೊಳ್ಳುವುದಿಲ್ಲ, ಆದರೆ ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ತಿನ್ನುತ್ತದೆ.

ಹಂಗಾಮು ಮುಗಿದು ದುರಸ್ತಿ ಶುರುವಾದಾಗ ಎಲಿವೇಟರ್‌ನ ಬುಡದ ಬಾಗಿಲು ತೆಗೆಸಿ ನೋಡು. ಅಲ್ಲಿ ಗಟ್ಟಿಯಾದ ಸಕ್ಕರೆ ಎಷ್ಟಿದೆ, ಬಕೆಟ್ ಯಾವ ಕಡೆ ಉಜ್ಜಿದೆ, ತಿರುಗದೆ ನಿಂತ ರೋಲರ್ ಯಾವುವು ಎಂದು ಬರೆದು ಚೀಫ್ ಎಂಜಿನಿಯರ್ ಅವರ ಕೈಗೆ ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇರಲಿ. ಬೇರಿಂಗ್‌ಗಳ ಬಿಸಿ ಅಳೆಯುವ ಸಾಧನ ವಿಭಾಗದಲ್ಲಿ ಇದೆಯೋ ಇಲ್ಲವೋ, ಮುಂದಿನ ಪತ್ರದಲ್ಲಿ ತಿಳಿಸು.

ಇಂತಿ,
ನಿನ್ನ ಕಾಕಾ