ಮೋಟರ್‌ಹೋಮ್‌ನ ಅನಿಲ ಫ್ರಿಜ್: ದೋಷಪತ್ತೆಯ ಕ್ರಮ

ಮನೆಯನ್ನೇ ಗಾಲಿಗಳ ಮೇಲೆ ಹೊತ್ತು ಸಾಗುವ ಮೋಟರ್‌ಹೋಮ್ ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅಲ್ಲಿಂದ ಹೊರಟ ಪ್ರವಾಸಿಗರು ತಮ್ಮ ವಾಹನಗಳೊಂದಿಗೆ ಭಾರತಕ್ಕೂ ಬಂದು ಗೋವಾ, ಗೋಕರ್ಣ, ಹಂಪಿಗಳಲ್ಲಿ ವಾರಗಟ್ಟಲೆ ತಂಗಿದ್ದುಂಟು. ನೆರೆಯ ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ಇಂತಹ ವಾಹನಗಳ ಎಂಜಿನ್, ಬ್ರೇಕು, ಟೈರುಗಳನ್ನು ದುರಸ್ತಿ ಮಾಡುವವರು ಹೆದ್ದಾರಿಯುದ್ದಕ್ಕೂ ದೊರೆಯುತ್ತಾರೆ. ಆದರೆ ಅದರೊಳಗಿನ ಅನಿಲಚಾಲಿತ ಫ್ರಿಜ್ ಕೆಟ್ಟಾಗ ಗ್ಯಾರೇಜಿನವರೂ ಮನೆಬಳಕೆ ಫ್ರಿಜ್‌ನ ಮೆಕ್ಯಾನಿಕ್ಕರೂ ಒಮ್ಮೆಗೇ ಕೈಚೆಲ್ಲುವುದು ಸಾಮಾನ್ಯ. ಅದರಲ್ಲಿ ಕಂಪ್ರೆಸರ್ ಇಲ್ಲ, ಮೋಟಾರ್ ಇಲ್ಲ, ತುಂಬಿಸಬಹುದಾದ ಗ್ಯಾಸ್ ಕೂಡ ಇಲ್ಲ. ಇರುವುದು ಒಂದು ಸಣ್ಣ ಜ್ವಾಲೆ ಮಾತ್ರ. ಹಾಲು, ತರಕಾರಿಗಳು ಹಾಳಾಗುವುದು ಸಣ್ಣ ನಷ್ಟ. 2 ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇರಿಸಬೇಕಾದ ಇನ್ಸುಲಿನ್ ಅದರೊಳಗಿದ್ದರೆ, ಅಥವಾ ತಪ್ಪು ದುರಸ್ತಿಯಿಂದ ವಿಷಾನಿಲ ಮಲಗುವ ಕೋಣೆಗೆ ನುಗ್ಗಿದರೆ, ಅದು ಪ್ರಾಣದ ಪ್ರಶ್ನೆಯಾಗುತ್ತದೆ.

ಬೆಂಕಿಯಿಂದ ತಂಪು ಹುಟ್ಟುವ ಬಗೆ

ಈ ಯಂತ್ರದ ಮೂಲ ಸ್ವೀಡನ್ ದೇಶ. ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳಾಗಿದ್ದ ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ 1922ರಲ್ಲಿ ಇದನ್ನು ರೂಪಿಸಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಸಂಸ್ಥೆ ಇದರ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ವಿದ್ಯುತ್ ತಲುಪದ ಹಳ್ಳಿಗಳಲ್ಲಿ ಲಸಿಕೆಗಳನ್ನು ಕಾಪಾಡಿದ ಸೀಮೆಎಣ್ಣೆಯ ಫ್ರಿಜ್‌ಗಳೂ, ಸದ್ದಿಲ್ಲದೆ ನಡೆಯುವ ಅನೇಕ ಹೋಟೆಲ್ ಕೋಣೆಗಳ ಪುಟ್ಟ ಫ್ರಿಜ್‌ಗಳೂ ಇದೇ ತತ್ತ್ವದವು.

ಹಿಂಬದಿಯ ಉಕ್ಕಿನ ಕೊಳವೆಗಳಲ್ಲಿ ಅಮೋನಿಯಾ, ನೀರು ಮತ್ತು ಜಲಜನಕವನ್ನು ತುಂಬಿ ಕಾರ್ಖಾನೆಯಲ್ಲಿಯೇ ಶಾಶ್ವತವಾಗಿ ಬೆಸುಗೆ ಹಾಕಿರುತ್ತಾರೆ. ಕೆಳಗಿನ ಬಾಯ್ಲರನ್ನು ಜ್ವಾಲೆ ಕಾಯಿಸಿದಾಗ ನೀರಿನಲ್ಲಿ ಕರಗಿದ್ದ ಅಮೋನಿಯಾ ಆವಿಯಾಗಿ, ಗುಳ್ಳೆಗಳ ರೂಪದಲ್ಲಿ ದ್ರವವನ್ನೂ ಮೇಲಕ್ಕೆತ್ತುತ್ತದೆ. ಆವಿ ಮೇಲ್ಭಾಗದ ಕಂಡೆನ್ಸರ್‌ನಲ್ಲಿ ತಣಿದು ದ್ರವವಾಗುತ್ತದೆ. ಆ ದ್ರವ ಫ್ರಿಜ್‌ನೊಳಗಿನ ಕೊಳವೆಗೆ ಇಳಿದು ಜಲಜನಕದೊಡನೆ ಸೇರಿದಾಗ ಕಡಿಮೆ ಉಷ್ಣತೆಯಲ್ಲಿಯೇ ಮತ್ತೆ ಆವಿಯಾಗಿ, ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ತಂಪು ಹುಟ್ಟುವುದು ಇಲ್ಲಿಯೇ. ಬಳಿಕ ಕೆಳಗಿನ ಅಬ್ಸಾರ್ಬರ್‌ನಲ್ಲಿ ನೀರು ಅಮೋನಿಯಾವನ್ನು ಪುನಃ ಹೀರಿಕೊಂಡು ಬಾಯ್ಲರಿಗೆ ಮರಳುತ್ತದೆ. ಜಲಜನಕ ಮೇಲಕ್ಕೆ ಹೋಗುತ್ತದೆ.

ಇಡೀ ಚಕ್ರವನ್ನು ನಡೆಸುವವು ಶಾಖ ಮತ್ತು ಗುರುತ್ವಾಕರ್ಷಣೆ ಮಾತ್ರ. ಆದ್ದರಿಂದ ದೋಷಪತ್ತೆಗೆ ನಾಲ್ಕು ಪ್ರಶ್ನೆಗಳು ಸಾಕು: ವಾಹನ ಸಮತಟ್ಟಾಗಿದೆಯೇ? ಬಾಯ್ಲರಿಗೆ ಸರಿಯಾದ ಶಾಖ ದೊರೆಯುತ್ತಿದೆಯೇ? ಹಿಂಬದಿಯ ಬಿಸಿಗಾಳಿ ಹೊರಹೋಗುತ್ತಿದೆಯೇ? ಕೊಳವೆಗಳ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೇ? ಕೊನೆಯ ಪ್ರಶ್ನೆಯನ್ನು ಮೊದಲು ಕೇಳುವುದರಿಂದಲೇ ಒಳ್ಳೆಯ ಫ್ರಿಜ್‌ಗಳು ಗುಜರಿ ಸೇರುತ್ತವೆ.

ಮೊದಲ ಹೆಜ್ಜೆ: ರಸಮಟ್ಟ

ಪಾನ, ಸ್ಪ್ಯಾನರುಗಳನ್ನು ಮುಟ್ಟುವ ಮುನ್ನ ಫ್ರೀಜರ್‌ನ ತಳದ ಮೇಲೆ ರಸಮಟ್ಟವನ್ನು ಇರಿಸಿ ನೋಡಬೇಕು. ಹಳೆಯ ಮಾದರಿಗಳು ಕೆಲವೇ ಡಿಗ್ರಿಗಳ ಓರೆಯನ್ನೂ ಸಹಿಸುವುದಿಲ್ಲ. ಹೊಸವು ತುಸು ಹೆಚ್ಚು ತಾಳಿಕೊಳ್ಳುತ್ತವೆ. ಓರೆಯಾಗಿ ನಿಂತ ವಾಹನದಲ್ಲಿ ದ್ರವ ಕೊಳವೆಯ ತಿರುವುಗಳಲ್ಲಿ ನಿಂತುಬಿಡುತ್ತದೆ, ಬಾಯ್ಲರ್ ಬರಿದಾಗಿ ಕಾಯುತ್ತದೆ. ತುಕ್ಕು ತಡೆಯಲೆಂದು ಒಳಗೆ ಸೇರಿಸಿದ ಸೋಡಿಯಂ ಕ್ರೋಮೇಟ್ ಆ ಅತಿಶಾಖಕ್ಕೆ ಗಟ್ಟಿಯಾಗಿ ಸಣ್ಣ ಕೊಳವೆಯನ್ನು ಮುಚ್ಚಬಲ್ಲುದು. ಒಮ್ಮೆ ಹೀಗಾದರೆ ಬಳಿಕ ಸಮತಟ್ಟು ಮಾಡಿದರೂ ಪ್ರಯೋಜನವಿಲ್ಲ. ವಾಹನ ಚಲಿಸುತ್ತಿರುವಾಗ ಈ ಅಪಾಯ ಕಡಿಮೆ, ಏಕೆಂದರೆ ಕುಲುಕಾಟದಿಂದ ದ್ರವ ಹರಿಯುತ್ತಲೇ ಇರುತ್ತದೆ. ಕಡಲತೀರದ ಇಳಿಜಾರಿನಲ್ಲಿ ದಿನಗಟ್ಟಲೆ ನಿಂತ ವಾಹನದ ಬಗ್ಗೆ ವಿಶೇಷ ಎಚ್ಚರ ಬೇಕು.

ಎರಡನೆಯ ಹೆಜ್ಜೆ: ವಿದ್ಯುತ್ತಿನ ಸಾಕ್ಷ್ಯ

ಮೋಟರ್‌ಹೋಮ್ ಫ್ರಿಜ್‌ಗಳು ಬಹುಪಾಲು ಮೂರು ಮೂಲಗಳಿಂದ ನಡೆಯುತ್ತವೆ: ಅನಿಲ, 230 ವೋಲ್ಟ್ ವಿದ್ಯುತ್ ಮತ್ತು ವಾಹನದ 12 ವೋಲ್ಟ್. ಅಮೆರಿಕದ ವಾಹನಗಳಲ್ಲಿ 230ರ ಬದಲು 120 ವೋಲ್ಟ್ ಇರುತ್ತದೆ. ಅದನ್ನು ಇಲ್ಲಿನ ಪ್ಲಗ್‌ಗೆ ನೇರವಾಗಿ ಜೋಡಿಸಕೂಡದು. ಈ ಮೂರರಲ್ಲಿ 12 ವೋಲ್ಟ್ ವ್ಯವಸ್ಥೆ ಪ್ರಯಾಣದಲ್ಲಿ ಇರುವ ತಂಪನ್ನು ಉಳಿಸಲು ಮಾತ್ರ. ಅದರಿಂದ ತೀರ್ಮಾನಕ್ಕೆ ಬರಲಾಗದು.

ಅನಿಲವನ್ನು ಮುಚ್ಚಿ, ಫ್ರಿಜ್ಜನ್ನು 230 ವೋಲ್ಟ್‌ನಲ್ಲಿ ಒಂದು ಇಡೀ ರಾತ್ರಿ ನಡೆಸಬೇಕು. ಬೆಳಿಗ್ಗೆ ಒಳಗಿಟ್ಟ ನೀರಿನ ಲೋಟದಲ್ಲಿ ಉಷ್ಣಮಾಪಕವನ್ನು ಅದ್ದಿ ನೋಡಬೇಕು. ಚೆನ್ನಾಗಿ ತಂಪಾಗಿದ್ದರೆ ಕೊಳವೆಗಳ ವ್ಯವಸ್ಥೆ ನಿರ್ದೋಷಿ, ದೋಷವಿರುವುದು ಅನಿಲದ ಕಡೆ. ಎರಡರಲ್ಲಿಯೂ ತಂಪಾಗದಿದ್ದರೆ ಗಾಳಿಸಂಚಾರವನ್ನೂ ಕೊಳವೆಗಳನ್ನೂ ಶಂಕಿಸಬೇಕು. ಈ ಯಂತ್ರಕ್ಕೆ ತಂಪೇರಲು ಗಂಟೆಗಳೇ ಬೇಕಾಗುವುದರಿಂದ ಅರ್ಧ ಗಂಟೆಯ ಪರೀಕ್ಷೆಗೆ ಬೆಲೆಯಿಲ್ಲ.

ಮೂರನೆಯ ಹೆಜ್ಜೆ: ಅನಿಲದ ಒತ್ತಡ

ಒಲೆ ಹೊತ್ತಿದರೆ ಸಿಲಿಂಡರಿನಲ್ಲಿ ಅನಿಲವಿದೆ ಎಂದರ್ಥ, ಒತ್ತಡ ಸರಿಯಿದೆ ಎಂದಲ್ಲ. ಇಲ್ಲಿಯೇ ವಿದೇಶದ ವಾಹನಕ್ಕೂ ನಮ್ಮ ಮಾರುಕಟ್ಟೆಯ ರೆಗ್ಯುಲೇಟರಿಗೂ ಹೊಂದಾಣಿಕೆಯ ಪ್ರಶ್ನೆ ಏಳುತ್ತದೆ. ಇಂದಿನ ಯುರೋಪಿನ ವಾಹನಗಳು ಸಾಮಾನ್ಯವಾಗಿ 30 ಮಿಲಿಬಾರ್ ಒತ್ತಡದವು. ಭಾರತದ ಮನೆಬಳಕೆಯ ರೆಗ್ಯುಲೇಟರ್ ನೀಡುವುದೂ ಸುಮಾರು ಅಷ್ಟೇ. ಆದರೆ ಜರ್ಮನಿಯ ಹಳೆಯ ಮೋಟರ್‌ಹೋಮ್‌ಗಳನ್ನು 50 ಮಿಲಿಬಾರ್‌ಗೆ ರಚಿಸಲಾಗಿತ್ತು. ಅನಿಲದ ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಅಂತಹ ಫ್ರಿಜ್‌ಗೆ 30 ಮಿಲಿಬಾರ್ ಕೊಟ್ಟರೆ ಶಾಖ ಮುಕ್ಕಾಲು ಪಾಲಿನಷ್ಟೇ ದೊರೆಯುತ್ತದೆ. ಜ್ವಾಲೆ ಉರಿಯುತ್ತದೆ, ಫ್ರಿಜ್ ತಂಪಾಗುವುದಿಲ್ಲ. ಮೆಕ್ಯಾನಿಕ್ ಕೊಳವೆಗಳನ್ನು ದೂಷಿಸುತ್ತಾನೆ.

ಇದರ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಅಪಾಯಕರ. ಹೋಟೆಲ್ ಒಲೆಗಳಿಗೆ ಬಳಸುವ ಅಧಿಕ ಒತ್ತಡದ ರೆಗ್ಯುಲೇಟರನ್ನು ಇಂತಹ ವಾಹನಕ್ಕೆ ಎಂದಿಗೂ ಜೋಡಿಸಬಾರದು. ಫಲಕದ ಮೇಲೆ ಮುದ್ರಿಸಿರುವ ಒತ್ತಡವನ್ನು ಓದಿ, ಒಲೆ ಮುಂತಾದ ಇತರ ಉಪಕರಣಗಳನ್ನೂ ಉರಿಸಿಟ್ಟು, ಮಾನೋಮೀಟರಿನಿಂದ ಅಳೆಯುವುದೇ ಸರಿಯಾದ ಕ್ರಮ. ಚಳಿಪ್ರದೇಶದಲ್ಲಿ ಇನ್ನೊಂದು ಕಾರಣವೂ ಇದೆ: ಬ್ಯೂಟೇನ್ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಜ್ವಾಲೆಯ ನಡವಳಿಕೆ

ಜ್ವಾಲೆಯು ಮೂರು ಬಗೆಯಲ್ಲಿ ತನ್ನ ರೋಗವನ್ನು ಹೇಳುತ್ತದೆ.

ಹೊತ್ತುವುದೇ ಇಲ್ಲ: ಸಿಲಿಂಡರ್ ಬದಲಿಸಿದ ಬಳಿಕ ಕೊಳವೆಯಲ್ಲಿ ಗಾಳಿ ಉಳಿದಿರುತ್ತದೆ. ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ನಡುವೆ ಬಿಡುವು ಕೊಟ್ಟು ಪುನಃ ಪ್ರಯತ್ನಿಸಬೇಕು. ಕಿಡಿಯ ಸದ್ದು ಕೇಳಿಸದಿದ್ದರೆ ಎಲೆಕ್ಟ್ರೋಡಿನ ಬಿರುಕು, ಅದರ ತುದಿಗೂ ಬರ್ನರಿಗೂ ನಡುವಿನ ಅಂತರ ಮತ್ತು ಬ್ಯಾಟರಿಯನ್ನು ನೋಡಬೇಕು. ಎಲೆಕ್ಟ್ರಾನಿಕ್ ಮಾದರಿಗಳು ಅನಿಲದಲ್ಲಿ ನಡೆಯುವಾಗಲೂ 12 ವೋಲ್ಟ್ ಬೇಡುತ್ತವೆ. ಬ್ಯಾಟರಿ ಇಳಿದಿದ್ದರೆ ಅನಿಲ ತುಂಬಿದ್ದರೂ ಫ್ರಿಜ್ ನಿಂತುಬಿಡುತ್ತದೆ.

ಹೊತ್ತಿ, ಗುಂಡಿ ಬಿಟ್ಟೊಡನೆ ಆರುತ್ತದೆ: ಇದು ಬಹುಮಟ್ಟಿಗೆ ಥರ್ಮೋಕಪಲ್ಲಿನ ದೋಷ. ಅದರ ತುದಿ ಜ್ವಾಲೆಯಲ್ಲಿ ಕಾದಾಗ ಹುಟ್ಟುವ ಕೆಲವೇ ಮಿಲಿವೋಲ್ಟ್‌ಗಳ ವಿದ್ಯುತ್ತೇ ಸುರಕ್ಷಾ ವಾಲ್ವನ್ನು ತೆರೆದಿಡುತ್ತದೆ. ಜ್ವಾಲೆ ಆರಿದರೆ ವಾಲ್ವ್ ತಾನಾಗಿ ಮುಚ್ಚಿ ಅನಿಲವನ್ನು ತಡೆಯುತ್ತದೆ. ತುದಿ ಜ್ವಾಲೆಯೊಳಗೆ ಇದೆಯೇ, ಮಸಿ ಹಿಡಿದಿದೆಯೇ, ಇನ್ನೊಂದು ಕೊನೆಯ ಜೋಡಣೆ ಸಡಿಲವಾಗಿದೆಯೇ ಎಂದು ನೋಡಿ, ಅಗತ್ಯವಿದ್ದರೆ ಬದಲಿಸಬೇಕು. ಗುಂಡಿಯನ್ನು ದಾರದಿಂದ ಕಟ್ಟಿ ಒತ್ತಿಡುವ ಉಪಾಯವು ಮಲಗಿದವರ ಪ್ರಾಣಕ್ಕೆ ಕಾವಲಿರುವ ಏಕೈಕ ಬಾಗಿಲನ್ನು ಮುರಿದಂತೆ.

ಉರಿಯುತ್ತದೆ, ಆದರೆ ಹಳದಿಯಾಗಿ ಅಥವಾ ಸಣ್ಣದಾಗಿ: ಜ್ವಾಲೆ ನೀಲಿಯಾಗಿ, ಸ್ಥಿರವಾಗಿ ನಿಲ್ಲಬೇಕು. ತಿಂಗಳುಗಟ್ಟಲೆ ನಿಂತ ವಾಹನದ ಬರ್ನರಿನಲ್ಲಿ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಮಾಡುತ್ತದೆ, ಚಿಮಣಿಯಿಂದ ತುಕ್ಕಿನ ಚೂರುಗಳು ಉದುರುತ್ತವೆ. ಅನಿಲವನ್ನು ಮುಚ್ಚಿ, ಬರ್ನರನ್ನು ಬಿಚ್ಚಿ ಬ್ರಷ್‌ನಿಂದ ಶುಚಿಗೊಳಿಸಬೇಕು. ಚಿಮಣಿಯ ಮಸಿಯನ್ನೂ ತೆಗೆಯಬೇಕು. ಜೆಟ್‌ನ ರಂಧ್ರ ಕೂದಲೆಳೆಯಷ್ಟು ಸೂಕ್ಷ್ಮ. ಅದಕ್ಕೆ ಪಿನ್ನು, ತಂತಿ ತೂರಿಸಿದರೆ ರಂಧ್ರ ಅಗಲವಾಗಿ ಅಳತೆಯೇ ಕೆಡುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿ, ಗಾಳಿ ಊದಿ ಒಣಗಿಸುವುದು, ಇಲ್ಲವೇ ಹೊಸ ಜೆಟ್ ಹಾಕುವುದು ಕ್ಷೇಮ. ಪ್ರತಿ ಜೋಡಣೆಯನ್ನೂ ಸಾಬೂನು ನೀರಿನಿಂದ ಪರೀಕ್ಷಿಸಿದ ಬಳಿಕವೇ ಕೆಲಸ ಮುಗಿದಂತೆ. ಕಡ್ಡಿ ಗೀರಿ ಸೋರಿಕೆ ಹುಡುಕುವುದು ಸಲ್ಲದು.

ಐದನೆಯ ಹೆಜ್ಜೆ: ಗಾಳಿಯ ದಾರಿ

ವಾಹನದ ಹೊರಗೋಡೆಯಲ್ಲಿ ಫ್ರಿಜ್‌ನ ಹಿಂದೆ ಕೆಳಗೊಂದು, ಮೇಲೊಂದು ಜಾಲರಿ ಇರುತ್ತದೆ. ತಂಪುಗಾಳಿ ಕೆಳಗಿನಿಂದ ಒಳಬಂದು ಕಂಡೆನ್ಸರನ್ನು ತಣಿಸಿ ಮೇಲಿನಿಂದ ಹೊರಹೋಗಬೇಕು. ಯುರೋಪಿನ ಚಳಿಗಾಲಕ್ಕೆಂದು ಜಾಲರಿಗೆ ಹಾಕಿದ ಮುಚ್ಚಳವನ್ನು ಇಲ್ಲಿಯೂ ತೆಗೆಯದೆ ಬಿಟ್ಟರೆ ಫ್ರಿಜ್ ಸೋಲುತ್ತದೆ. ಫಲಕದ ಮೇಲಿನ ಹವಾಮಾನ ವರ್ಗವನ್ನೂ ಗಮನಿಸಬೇಕು: ಎನ್ ವರ್ಗದ ಫ್ರಿಜ್ 32 ಡಿಗ್ರಿಯವರೆಗೆ, ಎಸ್‌ಟಿ ವರ್ಗದ್ದು 38 ಡಿಗ್ರಿಯವರೆಗೆ, ಟಿ ವರ್ಗದ್ದು 43 ಡಿಗ್ರಿಯವರೆಗೆ ಎಂದು ರಚಿತವಾಗಿದೆ. ಮೇ ತಿಂಗಳ ಹಂಪಿಯಲ್ಲಿ ಎನ್ ವರ್ಗದ ಫ್ರಿಜ್ ತಂಪಾಗದಿದ್ದರೆ ಅದನ್ನು ದೋಷ ಎನ್ನಲಾಗದು, ಅದು ಅದರ ಮಿತಿ. ಆ ಬದಿಯನ್ನು ನೆರಳಿಗೆ ತಿರುಗಿಸಿ ನಿಲ್ಲಿಸುವುದು, ಮೇಲಿನ ಜಾಲರಿಯ ಬಳಿ 12 ವೋಲ್ಟ್‌ನ ಚಿಕ್ಕ ಫ್ಯಾನ್ ಅಳವಡಿಸುವುದು ಅಗ್ಗದ ಪರಿಹಾರ. ಜಾಲರಿಯ ಹಿಂದಿನ ಜಾಗಕ್ಕೂ ವಾಸದ ಕೋಣೆಗೂ ನಡುವಿನ ಬಿರುಕುಗಳು ಮುಚ್ಚಿರಬೇಕು. ಅವುಗಳ ಮೂಲಕವೇ ಕಾರ್ಬನ್ ಮೊನಾಕ್ಸೈಡ್ ಒಳನುಸುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಕೊನೆಯ ತೀರ್ಪು

ಮೇಲಿನ ಎಲ್ಲವೂ ಸರಿಯಿದ್ದೂ ತಂಪಾಗದಿದ್ದರೆ ಮಾತ್ರ ಕೊಳವೆಗಳನ್ನು ಶಂಕಿಸಬೇಕು. ಅಮೋನಿಯಾದ ತೀಕ್ಷ್ಣ ವಾಸನೆ ಅಥವಾ ಹಿಂಬದಿಯಲ್ಲಿ ಹಳದಿ ಪುಡಿ ಕಂಡರೆ ಸೋರಿಕೆ ಖಚಿತ. ಆ ಪುಡಿ ವಿಷಕರವಾದ ಕ್ರೋಮೇಟ್ ಆದುದರಿಂದ ಬರಿಗೈಯಲ್ಲಿ ಮುಟ್ಟಬಾರದು. ಬಾಯ್ಲರ್ ಬಿಸಿಯಾಗಿದ್ದು ಅಬ್ಸಾರ್ಬರ್ ತಣ್ಣಗೇ ಇದ್ದರೆ ಒಳಗೆ ತಡೆ ಉಂಟಾಗಿದೆ. ಫ್ರಿಜ್ಜನ್ನು ತಲೆಕೆಳಗು ಮಾಡಿ ಇಡುವ ಹಳೆಯ ಉಪಾಯದಿಂದ ಕೆಲವೊಮ್ಮೆ ಕೆಲಕಾಲ ಗುಣ ಕಂಡೀತು, ಆದರೆ ಅದನ್ನು ದುರಸ್ತಿ ಎಂದು ಹೇಳಿ ಹಣ ಪಡೆಯುವುದು ನ್ಯಾಯವಲ್ಲ. ಒತ್ತಡದಲ್ಲಿರುವ ಕೊಳವೆಗೆ ಬೆಸುಗೆ ಹಚ್ಚುವ ಸಾಹಸವನ್ನಂತೂ ಯಾರೂ ಮಾಡಬಾರದು. ಘಟಕವನ್ನೇ ಬದಲಿಸಬೇಕು, ಇಲ್ಲವೇ 12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗೆ ಹೊರಳಬೇಕು. ಆಗ ಬ್ಯಾಟರಿಯ ಸಾಮರ್ಥ್ಯವನ್ನೂ ಲೆಕ್ಕಹಾಕಬೇಕು.

ಉದ್ದಿಮೆದಾರರಿಗೆ

ಈ ಸೇವೆಗೆ ದೊಡ್ಡ ಬಂಡವಾಳ ಬೇಕಿಲ್ಲ. ರಸಮಟ್ಟ, ಮಾನೋಮೀಟರ್, ಮಲ್ಟಿಮೀಟರ್, ಉಷ್ಣಮಾಪಕ, ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಉಪಕರಣ ಮತ್ತು ಅನಿಲದ ಕೆಲಸದಲ್ಲಿ ತರಬೇತಿ ಪಡೆದ ಒಬ್ಬ ಕುಶಲಕರ್ಮಿ ಇದ್ದರೆ ಆರಂಭಿಸಬಹುದು. ಪರೀಕ್ಷೆಗೆ ಒಂದು ರಾತ್ರಿ ಬೇಕೆಂಬುದನ್ನೂ ಅದರ ಶುಲ್ಕವನ್ನೂ ಗ್ರಾಹಕರಿಗೆ ಮೊದಲೇ ತಿಳಿಸಬೇಕು. ಅಳೆದ ಒತ್ತಡ, ಉಷ್ಣತೆಗಳನ್ನು ಬಿಲ್ಲಿನ ಮೇಲೆಯೇ ಬರೆದುಕೊಡಬೇಕು. ಪೆಟ್ರೋಲ್ ಬಂಕಿನೊಳಗೆ ಹೋಗುವ ಮುನ್ನ ಜ್ವಾಲೆ ಆರಿಸಬೇಕೆಂಬ ಎಚ್ಚರಿಕೆಯನ್ನೂ ಅದರಲ್ಲಿ ಸೇರಿಸಬೇಕು. ಇನ್ಸುಲಿನ್ ಇರುವವರಿಗೆ ದುರಸ್ತಿ ಮುಗಿಯುವವರೆಗೆ ಬೇರೆ ಫ್ರಿಜ್‌ನಲ್ಲಿ ಸ್ಥಳ ಮಾಡಿಕೊಡುವುದು ಸೇವೆಯ ಭಾಗವೇ ಆಗಿರಲಿ.

ಇಡೀ ಘಟಕ ಬದಲಿಸಬೇಕೆಂದು ಹೇಳಿಬಿಡುವುದು ಸುಲಭ, ಲಾಭವೂ ಹೆಚ್ಚು. ಆದರೆ ಬಹಳ ಸಲ ದೋಷವಿರುವುದು ಒಂದು ಜೇಡರ ಬಲೆಯಲ್ಲಿ ಅಥವಾ ಒಂದು ಗಾಲಿಯ ಕೆಳಗಿನ ತಗ್ಗಿನಲ್ಲಿ. ಅದನ್ನು ಕ್ರಮವಾಗಿ ಹುಡುಕಿ, ಸಿಕ್ಕಿದ್ದನ್ನು ಸಿಕ್ಕಂತೆಯೇ ಹೇಳುವ ಅಂಗಡಿಯ ಹೆಸರನ್ನು ದೂರದ ಪ್ರವಾಸಿಗರು ತಮ್ಮ ಹಿಂದೆ ಬರುವವರಿಗೂ ತಿಳಿಸಿ ಹೋಗುತ್ತಾರೆ.